ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಲ್ಲಿ ‘ಓಎಸ್ ಇಲ್ಲದ ಲ್ಯಾಪ್‌ಟಾಪ್ ಅಗ್ಗ’ ಅಂತಾರೆ. ಓಎಸ್ ಅಂದರೇನು, ಅದಿಲ್ಲದೆ ನಡೆಯಲ್ವಾ?

ನಡೆಯಲ್ಲ. ಆನ್ ಮಾಡಿದರೆ ತಯಾರಕರ ಲೋಗೋ ಬರುತ್ತದೆ, ಆಮೇಲೆ ‘ಬೂಟ್ ಮಾಡಲು (ಯಂತ್ರ ಶುರು ಮಾಡಲು) ಏನೂ ಇಲ್ಲ’ ಅನ್ನೋ ಅರ್ಥದ ಒಂದು ಸಾಲು. ಅಷ್ಟೇ.

ಓಎಸ್ ಅಥವಾ ಆಪರೇಟಿಂಗ್ ಸಿಸ್ಟಂ ಅಂದರೆ ಯಂತ್ರಕ್ಕೂ ನೀವು ಬಳಸುವ ಆಪ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಸಾಫ್ಟ್‌ವೇರ್. ವಿಂಡೋಸ್, ಮ್ಯಾಕ್‌ಓಎಸ್, ಉಬುಂಟು, ಫೋನಿನ ಆಂಡ್ರಾಯ್ಡ್ ಎಲ್ಲವೂ ಇದೇ ಜಾತಿ.

ಅದರ ದೊಡ್ಡ ಕೆಲಸ ಹಂಚಿಕೆ. ಹಾಡು ಕೇಳುತ್ತಾ ಟೈಪ್ ಮಾಡುತ್ತೀರಿ, ಹಿಂದೆ ಡೌನ್‌ಲೋಡ್ ನಡೆಯುತ್ತಿರುತ್ತದೆ. ಎಲ್ಲ ಒಟ್ಟಿಗೆ ಓಡುತ್ತಿವೆ ಅನ್ನಿಸುತ್ತದೆ, ಅಲ್ವಾ? ನಿಜಕ್ಕೂ ಪ್ರೊಸೆಸರಲ್ಲಿ ಕೆಲಸ ಮಾಡುವ ಘಟಕಗಳು, ಅಂದರೆ ಕೋರ್‌ಗಳು ಕೆಲವೇ, ಕೆಲಸಗಳು ನೂರಾರು. ಓಎಸ್ ಒಂದೊಂದಕ್ಕೂ ಕೆಲವು ಮಿಲಿಸೆಕೆಂಡ್ ಸರದಿ ಕೊಡುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗಲ್ಲ. ರ‍್ಯಾಮ್ (ಓಡುತ್ತಿರುವ ಆಪ್‌ಗಳು ಬಳಸುವ ತಾತ್ಕಾಲಿಕ ಮೆಮೊರಿ) ಕೂಡ ಹಾಗೇ: ಯಾವ ಆಪ್‌ಗೆ ಎಷ್ಟು ಜಾಗ ಅಂತ ತೀರ್ಮಾನಿಸುವುದು ಓಎಸ್. ಒಂದರ ಜಾಗಕ್ಕೆ ಇನ್ನೊಂದು ಕೈ ಹಾಕದಂತೆಯೂ ತಡೆಯುತ್ತದೆ. ರ‍್ಯಾಮ್ ತುಂಬಿದರೆ ಸ್ವಲ್ಪ ಭಾಗವನ್ನು ಡಿಸ್ಕಿಗೆ ಸಾಗಿಸುತ್ತದೆ. 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಹತ್ತಾರು ಟ್ಯಾಬ್ ತೆರೆದಾಗ ತೆವಳುವುದು ಜಾಸ್ತಿ ಇದರಿಂದಲೇ.

ಫೈಲು, ಪಾಸ್‌ವರ್ಡ್, ವೈಫೈ, ಪ್ರಿಂಟರ್ ನೋಡಿಕೊಳ್ಳುವುದೂ ಅದರ ಪಾಲಿನದೇ.

ಇದರ ಒಳತಿರುಳಿಗೆ ಕರ್ನಲ್ ಅಂತಾರೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಅಂಥ ಕರ್ನಲ್. ಉಬುಂಟು, ಆಂಡ್ರಾಯ್ಡ್ ಎರಡರ ಒಳಗೂ ಇರುವುದು ಅದೇ.

ಹಾಗಾಗಿ ಅಗ್ಗದ್ದನ್ನು ಧಾರಾಳವಾಗಿ ಕೊಳ್ಳಿ, ಉಬುಂಟು ಉಚಿತ. ವಿಂಡೋಸಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್ ಬೇಕಿದ್ದರೆ ಲೈಸೆನ್ಸ್ ಬೆಲೆ ಸೇರಿಸಿ ಲೆಕ್ಕ ಹಾಕಿ. ಅಂಗಡಿಯವರು ‘ಸುಮ್ನೆ ಹಾಕಿಕೊಡ್ತೀವಿ ಸಾರ್’ ಅಂದರೆ ಅದು ಬಹುಪಾಲು ಕಳ್ಳ ಪ್ರತಿ. ಬೇಡ ಅನ್ನಿ.