ಖಾಲಿ ಬಿದ್ದ ಹಳೇ ಮನೆ ಬಾಡಿಗೆಗೆ ಹಿಡಿಯಬಹುದೇ?

ಪ್ರಶ್ನೆ: ಕೆಲಸದ ಮೇಲೆ ಸಣ್ಣ ಊರೊಂದಕ್ಕೆ ಹೋಗುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಕಾಣುವ ಮನೆಗಳು ನಾಲ್ಕೈದೇ, ಬಾಡಿಗೆಯೂ ಹೆಚ್ಚು. ಎರಡು ವರ್ಷದಿಂದ ಖಾಲಿ ಇರುವ ಹಳೇ ಮನೆಯೊಂದು ಅದರ ಅರ್ಧ ಬಾಡಿಗೆಗೆ ಸಿಗುತ್ತದಂತೆ. ಹಿಡಿಯಬಹುದೇ?

ಉತ್ತರ: ಹಿಡಿಯಬಹುದು, ಆದರೆ ಹಗಲು ಹೊತ್ತಿನಲ್ಲಿ ಒಂದು ಗಂಟೆ ಮನೆಯೊಳಗಿದ್ದು ಪರೀಕ್ಷಿಸಿದ ಮೇಲೆ. ಜನ ವಾಸವಿಲ್ಲದ ಮನೆಯಲ್ಲಿ ಸಣ್ಣ ಸೋರಿಕೆ, ಗೆದ್ದಲು ಯಾರ ಕಣ್ಣಿಗೂ ಬೀಳದೆ ಬೆಳೆದಿರುತ್ತವೆ.

ಮೊದಲು ನೀರು. 10 ಲೀಟರ್ ಬಕೆಟ್ ಇಟ್ಟು ನಲ್ಲಿಯನ್ನು ಪೂರ್ತಿ ಬಿಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಸಾಕು. ಎರಡು ನಿಮಿಷ ಮೀರಿದರೆ ಉಳಿದ ನಲ್ಲಿಗಳನ್ನೂ ನೋಡಿ. ಒಂದೇ ನಲ್ಲಿ ಸಣ್ಣಗೆ ಬಂದರೆ ಅದರ ಜಾಲರಿಯಲ್ಲಿ ಕಸ ಕೂತಿರಬಹುದು, ಅದು ಕ್ಷಣದ ಕೆಲಸ. ಎಲ್ಲವೂ ಹಾಗೇ ಇದ್ದರೆ ಪೈಪಿನೊಳಗೆ ತುಕ್ಕು ಕಟ್ಟಿರುವ ಸಾಧ್ಯತೆ ಹೆಚ್ಚು; ಅದು ದೊಡ್ಡ ಖರ್ಚು. ಎಲ್ಲ ನಲ್ಲಿ ಮುಚ್ಚಿ 15 ನಿಮಿಷ ನೀರಿನ ಮೀಟರ್ ನೋಡಿ. ಟ್ಯಾಂಕಿಗೂ ನೀರು ತುಂಬುತ್ತಿಲ್ಲ, ಆದರೂ ಮುಳ್ಳು ಓಡುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ.

ಬಚ್ಚಲಿನಲ್ಲಿ ಚರಂಡಿ ವಾಸನೆ ಬಂದ ಕೂಡಲೇ ಮನೆ ಬೇಡವೆನ್ನಬೇಡಿ. ಚರಂಡಿಯ ಗಾಳಿಯನ್ನು ತಡೆಯುವುದು ಪೈಪಿನ ಬಾಗಿದ ಭಾಗದಲ್ಲಿ ನಿಂತ ನೀರು. ಬಳಕೆ ಇಲ್ಲದಾಗ ಅದು ಒಣಗಿಹೋಗುತ್ತದೆ. ನಾಲ್ಕೈದು ಚೆಂಬು ನೀರು ಸುರಿದು, ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ವಾಸನೆ ಉಳಿದರೆ ಮಾತ್ರ ಪೈಪ್ ಒಡೆದಿರುವ ಅನುಮಾನ.

ಗೋಡೆಯ ಬುಡದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಕಲೆಯಿದ್ದು, ಮುಟ್ಟಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೆಲದ ತೇವ ಏರಿದೆ ಎಂದರ್ಥ. ಬಣ್ಣ ಬಳಿದರೆ ಅದು ಹೋಗುವುದಿಲ್ಲ. ಗೋಡೆಯ ಕೆಳಭಾಗಕ್ಕಷ್ಟೇ ಹೊಸ ಬಣ್ಣ ಹೊಡೆದಿದ್ದರೆ ಕಾರಣ ಕೇಳಿ. ಚಾವಣಿಯ ಮೂಲೆಯ ಕಲೆ ಬೇರೆ ವಿಷಯ: ಮಳೆನೀರಿನ ಕೊಳವೆಯಲ್ಲಿ ಎಲೆ ಕಟ್ಟಿಕೊಂಡಿದ್ದರೂ ಸಾಕು, ಅಲ್ಲಿ ನೀರು ಇಳಿಯುತ್ತದೆ. ಬಾಗಿಲ ಚೌಕಟ್ಟನ್ನು ಕೀಲಿಕೈಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿರಬಹುದು. ವೈರಿಂಗನ್ನಂತೂ ಎಲೆಕ್ಟ್ರಿಷಿಯನ್ ನೋಡದೆ ವಾಸಕ್ಕೆ ಹೋಗಬೇಡಿ. ಖಾಲಿ ಮನೆಯಲ್ಲಿ ಇಲಿ ವೈರ್ ಕಡಿದಿದ್ದರೆ ಅದು ಜೀವದ ಪ್ರಶ್ನೆ.

ಇನ್ನು ಚೌಕಾಶಿ. ಬಾಡಿಗೆ ಈಗಲೇ ಅರ್ಧವಿದೆ, ಅದನ್ನು ಇನ್ನಷ್ಟು ಇಳಿಸಲು ಹೋಗಬೇಡಿ; ರಿಪೇರಿಯ ಬಗ್ಗೆ ಮಾತಾಡಿ. ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವುದಾದರೆ ಯಾವ ಕೆಲಸ, ಎಷ್ಟರವರೆಗೆ ಖರ್ಚು, ಎಷ್ಟು ತಿಂಗಳಲ್ಲಿ ವಜಾ ಎಂಬುದೆಲ್ಲ ಕರಾರಿನಲ್ಲಿ ಇರಲಿ, ರಸೀದಿಗಳು ನಿಮ್ಮ ಬಳಿ ಇರಲಿ. ಬಾಡಿಗೆದಾರರು ಹೆಚ್ಚಾಗಿ ಸೋಲುವುದು ಇದರ ನಂತರ: ಮನೆ ನೆಟ್ಟಗಾದ ಮೇಲೆ ಮಾಲೀಕರು ಬಾಡಿಗೆ ಏರಿಸುತ್ತಾರೆ ಅಥವಾ ಬಿಡಿ ಎನ್ನುತ್ತಾರೆ. ನೀವು ಹಾಕಿದ ಹಣ ತೀರುವವರೆಗಾದರೂ ಬಾಡಿಗೆ ಏರಿಸುವಂತಿಲ್ಲ, ಬಿಡಿಸುವಂತಿಲ್ಲ ಎಂಬ ಷರತ್ತು ಬರೆಸಿಕೊಳ್ಳಿ. ಹಳೇ ಮನೆಗಳಿಗೆ ಅಣ್ಣತಮ್ಮಂದಿರು ಜಂಟಿ ವಾರಸುದಾರರಾಗಿರುವುದುಂಟು. ಮುಂಗಡ ಕೊಡುವ ಮೊದಲು ಮನೆ ಯಾರ ಹೆಸರಿನಲ್ಲಿದೆ ಎಂದು ದಾಖಲೆ ನೋಡಿ. ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆ ಬೇಕು.

ಪ್ರಶ್ನೆ: ಇದು ಆಗದಿದ್ದರೆ ಬೇರೆ ಮನೆ ಹುಡುಕುವುದು ಹೇಗೆ?

ಉತ್ತರ: ಸಣ್ಣ ಊರಿನಲ್ಲಿ ಎಷ್ಟೋ ಮನೆಗಳು ಜಾಹೀರಾತಿಗೆ ಬರುವ ಮೊದಲೇ ಬಾಯಿಮಾತಿನಲ್ಲಿ ಹೋಗಿಬಿಡುತ್ತವೆ. ಯಾರು ಮನೆ ಬಿಡುತ್ತಿದ್ದಾರೆ ಎಂಬುದು ಪ್ಲಂಬರ್, ಎಲೆಕ್ಟ್ರಿಷಿಯನ್, ಅಂಚೆಯವರು, ಮುಂದೆ ನಿಮ್ಮ ಸಹೋದ್ಯೋಗಿಗಳಾಗುವವರು, ಇವರಿಗೆ ಮೊದಲು ತಿಳಿಯುತ್ತದೆ. “ಒಂದು ಮನೆ ಇದ್ದರೆ ಹೇಳಿ” ಎಂದರೆ ಮರೆಯುತ್ತಾರೆ. ಎಷ್ಟು ಕೋಣೆ, ಎಷ್ಟು ಜನ, ಯಾವ ತಾರೀಖಿಗೆ, ಎಷ್ಟರವರೆಗೆ ಬಾಡಿಗೆ ಎಂದು ಚೀಟಿಯಲ್ಲಿ ಬರೆದು ಫೋನ್ ನಂಬರ್ ಸಮೇತ ಕೊಡಿ. ಶಾಲೆಯ ವರ್ಷ ಮುಗಿಯುವ ಹೊತ್ತಿನಲ್ಲಿ ಹೆಚ್ಚು ಮನೆ ಖಾಲಿಯಾಗುತ್ತವೆ. ಅಲ್ಲಿಯವರೆಗೆ ತಿಂಗಳ ಲೆಕ್ಕದ ಕೋಣೆಯೊಂದರಲ್ಲಿದ್ದು ಹುಡುಕುವುದೇ ಮೇಲು.

ಊರಾಚೆಯ ಅಗ್ಗದ ಮನೆ ಕಂಡರೆ ಓಡಾಟದ ಲೆಕ್ಕ ಹಾಕಿ. ಕೆಲಸದ ಜಾಗ 8 ಕಿ.ಮೀ. ದೂರವಿದ್ದರೆ 26 ದಿನಕ್ಕೆ 416 ಕಿ.ಮೀ. ಆಯಿತು. ಅದರ ಇಂಧನ ಅಥವಾ ಬಸ್ಸಿನ ಖರ್ಚನ್ನು ಬಾಡಿಗೆಗೆ ಸೇರಿಸಿ, ಆಮೇಲೆ ಊರೊಳಗಿನ ಮನೆಯ ಬಾಡಿಗೆಯೊಂದಿಗೆ ಹೋಲಿಸಿ.