ಐರನ್ ಮಾತ್ರೆಗೂ ಹಿಮೋಗ್ಲೋಬಿನ್ ಏರುತ್ತಿಲ್ಲವೇ?
ನಿಮ್ಮ ತಂಗಿಗೆ ಥಲಸ್ಸೇಮಿಯಾ ಮೈನರ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ತೊಂದರೆಯ ಸೌಮ್ಯ ರೂಪ) ಇರುವ ಸಾಧ್ಯತೆ ಹೆಚ್ಚು. ಮೂರು ತಿಂಗಳು ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 10.8 ದಾಟಿಲ್ಲ ಅಂದಿದ್ದೀರಿ. ರಿಪೋರ್ಟಿನಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 64, ಕೆಂಪು ರಕ್ತಕಣ 5.6 ಮಿಲಿಯನ್. 64ನ್ನು 5.6ರಿಂದ ಭಾಗಿಸಿದರೆ ಸುಮಾರು 11.4, ಇದು 13ಕ್ಕಿಂತ ಕಡಿಮೆ ಬಂದರೆ ಅನುಮಾನ ಆ ಕಡೆಗೇ. ಆದರೂ ಇದು ಅಂದಾಜಷ್ಟೇ.

ಮೊದಲು ಫೆರಿಟಿನ್ (ದೇಹದಲ್ಲಿ ಸಂಗ್ರಹವಿರುವ ಕಬ್ಬಿಣ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಕಡಿಮೆಯಿದ್ದರೆ ಕಬ್ಬಿಣದ ಕೊರತೆಯೂ ಇದೆ, ಮಾತ್ರೆ ಬೇಕು, ಆದರೆ ಕಾಫಿ-ಟೀ ಜೊತೆ ಬೇಡ. ಆಮೇಲೆ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್ನಿನ ಬೇರೆ ಬೇರೆ ವಿಧಗಳನ್ನು ಅಳೆಯುವ ರಕ್ತ ಪರೀಕ್ಷೆ: ಅದರಲ್ಲಿ ಎಚ್‌ಬಿ ಎ2 ಎಂಬ ವಿಧದ ಅಂಶ 3.5%ಗಿಂತ ಹೆಚ್ಚಿದ್ದರೆ ಬಹುತೇಕ ಥಲಸ್ಸೇಮಿಯಾ ಮೈನರ್ರೇ. ಕಬ್ಬಿಣ ಕಡಿಮೆಯಿದ್ದಾಗ ಈ ಅಂಕಿ ಇಳಿದು ಕಾಣಬಹುದು, ಹಾಗಾಗಿ ಕೊರತೆ ನೀಗಿಸಿಕೊಂಡೇ ಮಾಡಿಸುವುದು ಒಳ್ಳೆಯದು. ಫೆರಿಟಿನ್ ಸರಿಯಿದ್ದರೆ ಮಾತ್ರೆ ನಿಲ್ಲಿಸಬಹುದಾ ಎಂದು ಡಾಕ್ಟರನ್ನು ಕೇಳಿ.

ಮದುವೆ ಗೊತ್ತಾಗಿದೆಯಂತಲ್ಲ, ತಂಗಿಗೆ ಖಚಿತವಾದರೆ ದಯವಿಟ್ಟು ಹುಡುಗನಿಗೂ ಎಚ್‌ಪಿಎಲ್‌ಸಿ ಮಾಡಿಸಿ. ಇಬ್ಬರಲ್ಲೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಥಲಸ್ಸೇಮಿಯಾ ಮೇಜರ್ (ಇದರ ತೀವ್ರ ರೂಪ) ಬರುವ ಸಂಭವ 25%.