ಬಿಲ್ಡರ್ ಹೇಳಿದ ಸರ್ವೇಯರ್‌ಗೇ ಒಪ್ಪಬೇಕಾ?

ನಮಸ್ಕಾರ. ಮೆಲ್ಬರ್ನ್‌ನಲ್ಲಿ ಮನೆ ಕಟ್ಟಿಸುವಾಗ ಬಿಲ್ಡಿಂಗ್ ಸರ್ವೇಯರ್‌ನನ್ನು (ಜಾಗ ಅಳೆಯುವವರಲ್ಲ, ಕಟ್ಟಡ ನಿಯಮದಂತೆ ಇದೆಯಾ ಎಂದು ನೋಡುವವರು) ಬಿಲ್ಡರೇ ನೇಮಿಸಬಹುದಾ ಎಂದು ಕೇಳಿದ್ದೀರಿ. ಆಗಲ್ಲ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ 1993ರ ಬಿಲ್ಡಿಂಗ್ ಆಕ್ಟ್ ಪ್ರಕಾರ ಮಾಲೀಕರಾದ ನೀವೇ ನೇಮಿಸಬೇಕು. ಬಿಲ್ಡರ್ ಹೆಸರು ಸೂಚಿಸಬಹುದು, ಅಷ್ಟೇ.

ಬಿಲ್ಡಿಂಗ್ ಪರ್ಮಿಟ್ ಕೊಡುವುದು, ಕಡ್ಡಾಯ ತಪಾಸಣೆ ಮಾಡಿಸುವುದು, ಕೊನೆಗೆ ವಾಸಕ್ಕೆ ಅನುಮತಿ ಕೊಡುವುದು ಸರ್ವೇಯರ್ ಕೆಲಸ. ನಮ್ಮ ಮನೆಗೆ ಕಾಂಕ್ರೀಟ್ ಹಾಕುವ ಮುಂಚೆ ಬಂದವರು ಬಗ್ಗಿ, ಕಂಬಿಗೂ ಕೆಳಗಿನ ಪ್ಲಾಸ್ಟಿಕ್ ಹಾಳೆಗೂ ನಡುವಿನ ಅಂತರ ಅಳೆದರು. ಒಂದು ಮೂಲೆಯಲ್ಲಿ ಕಂಬಿ ನೆಲಕ್ಕೇ ತಾಗಿತ್ತು. ಎತ್ತಿಸಿದ ಮೇಲೆಯೇ ಒಪ್ಪಿಗೆ ಸಿಕ್ಕಿತು. ಕಾಂಕ್ರೀಟ್ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಲ್ವಾ?

ಆದರೆ ಬಣ್ಣ, ಟೈಲ್ಸ್‌ನ ಅಂದಚೆಂದ ಅವರು ನೋಡುವುದಿಲ್ಲ. ಅದಕ್ಕೆ ಬೇರೆ ಇನ್‌ಸ್ಪೆಕ್ಟರ್‌ನನ್ನು ಇಟ್ಟುಕೊಳ್ಳಿ. ಪ್ರತಿ ತಪಾಸಣೆಯ ವರದಿಯನ್ನೂ ತಪ್ಪದೆ ಕೇಳಿ ಪಡೆಯಿರಿ.